ಗೊಬ್ಬರ ಹಾಕಿದ್ದಕ್ಕೆ ಸತ್ತ ಗಿಡ

ಏಳನೇ ಕ್ಲಾಸು ಮುಗಿಸಿ ನೇಗಿಲು ಹಿಡಿದವನು ನಾನು. ನಲವತ್ತು ವರ್ಷದ ಮೇಲಾಯಿತು. ಮಳೆ ಕೈಕೊಟ್ಟು ಬೆಳೆ ಒಣಗಿದ್ದು ಎಷ್ಟೋ ಸಲ, ಹುಳ ಬಿದ್ದು ಹೋದದ್ದು ಎಷ್ಟೋ ಸಲ. ಆದರೆ ಚೆನ್ನಾಗಿದ್ದ ಗಿಡ ಗೊಬ್ಬರ ಹಾಕಿದ್ದಕ್ಕೇ ಸತ್ತದ್ದನ್ನು ಕಂಡದ್ದು ಒಂದೇ ಸಲ. ಅದೂ ನನ್ನ ಕೈಯಿಂದಲೇ.

2023ರ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಮಗಳು ಅಳಿಯನ ಮನೆಗೆ ಹೋಗಿದ್ದೆ. ಅವರಿರುವುದು ಪಶ್ಚಿಮ ಆಸ್ಟ್ರೇಲಿಯದ ಪರ್ತ್ ಪಟ್ಟಣದಲ್ಲಿ. ಮನೆ ಹಿಂದೆ ಒಂದಿಷ್ಟು ಮರಳು ಜಾಗ, ಅದರಲ್ಲಿ ಸೊಂಟದೆತ್ತರದ ಒಂದು ಗಿಡ. ಎಲೆ ಉದ್ದಕ್ಕೆ, ಗಡುಸು, ಅಂಚಿಗೆ ಗರಗಸದ ಹಲ್ಲು. ಹೆಸರು ಬ್ಯಾಂಕ್ಸಿಯ. ಮಣ್ಣು ನೋಡಿದರೆ ಹೊಳೆ ಮರಳಿನ ಹಾಗೆ, ಮುಷ್ಟಿಯಲ್ಲಿ ಹಿಡಿದರೆ ನಿಲ್ಲೋದಿಲ್ಲ. ಇದರಲ್ಲಿ ಗಿಡ ಏನು ತಿಂದೀತು ಅಂತ ಕನಿಕರ ಬಂತು. ತರಕಾರಿ ಮಡಿಗೆ ತಂದಿದ್ದ ಕೋಳಿಗೊಬ್ಬರ ಚೀಲದಲ್ಲಿತ್ತು. ಯಾರನ್ನೂ ಕೇಳದೆ ಎರಡು ಹಿಡಿ ಬುಡಕ್ಕೆ ಹಾಕಿ ನೀರು ಬಿಟ್ಟೆ.

ಮೂರನೇ ವಾರಕ್ಕೆ ಚಿಗುರು ಹಳದಿಯಾಯಿತು. ನೀರು ಕಮ್ಮಿಯಾಯಿತೇನೋ ಅಂತ ಇನ್ನಷ್ಟು ನೀರು ಬಿಟ್ಟೆ. ಆಮೇಲೆ ಎಲೆಯಂಚು ಬೆಂಕಿ ತಾಗಿದ ಹಾಗೆ ಕಂದಾಯಿತು. ಆರನೇ ವಾರಕ್ಕೆ ಗಿಡ ಸೌದೆ. ಮಗಳು ಬಂದು ನೋಡಿ, "ಇದಕ್ಕೆ ಏನು ಹಾಕ್ದೆ ಅಪ್ಪಾ?" ಅಂದಳು. ಹೇಳಿದೆ. ಅವಳು ಬೈಯಲಿಲ್ಲ. ನರ್ಸರಿಗೆ ಕರೆದುಕೊಂಡು ಹೋದಳು.

ಅಲ್ಲಿ ಗೊಬ್ಬರದ ಚೀಲಗಳಲ್ಲಿ ಎರಡು ಬಗೆ. ಒಂದು ಎಲ್ಲಾ ಗಿಡಕ್ಕೆ. ಇನ್ನೊಂದು ಆ ನಾಡಿನ ಸ್ವಂತ ಗಿಡಗಳಿಗೆ, ರಂಜಕ ಬಹಳ ಕಮ್ಮಿ ಇಟ್ಟು ಮಾಡಿದ್ದು. ಅಂಗಡಿಯ ಹೆಂಗಸು ಹೇಳಿದ್ದನ್ನು ಮಗಳು ಕನ್ನಡದಲ್ಲಿ ತಿಳಿಸಿದಳು. ಬ್ಯಾಂಕ್ಸಿಯದ ಬೇರಿಗೆ ರಂಜಕ ಎಲ್ಲಿ ಸಿಕ್ಕರೂ ಎಳೆದುಕೊಳ್ಳುವುದು ಗೊತ್ತು, ಸಾಕು ಅಂತ ನಿಲ್ಲಿಸುವುದು ಗೊತ್ತಿಲ್ಲ. ನಾವು ಡಿಎಪಿಯಲ್ಲಿ, ಸೂಪರ್ ಫಾಸ್ಫೇಟಿನಲ್ಲಿ ದುಡ್ಡು ಕೊಟ್ಟು ತರುತ್ತೇವಲ್ಲ, ಅದೇ ರಂಜಕ. ಕೋಳಿಗೊಬ್ಬರದಲ್ಲಿ ಅದು ಧಾರಾಳ. ಗಿಡ ಎಳೆದೂ ಎಳೆದೂ ಎಲೆಯಲ್ಲಿ ತುಂಬಿಕೊಂಡು, ಅದೇ ವಿಷವಾಗಿ ಸತ್ತಿತ್ತು.

ಇಂಥ ಗಿಡ ಹುಟ್ಟಿದ ಊರು ಹೇಗಿರಬಹುದು ಅಂತ ನೋಡುವ ಆಸೆಯಾಯಿತು. ಸೆಪ್ಟೆಂಬರ್ ಕೊನೆಗೆ ಅಳಿಯ ಎರಡು ದಿನ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋದ.

ಮರಳಿನ ಸೀಮೆ

ಪರ್ತಿನಿಂದ ಬಡಗಲಿಗೆ ಸುಮಾರು 280 ಕಿಲೋಮೀಟರ್ ಹೋದರೆ ಎನಿಯಾಬ ಅಂತ ಚಿಕ್ಕ ಊರು. ದಾರಿಯಲ್ಲಿ ಬ್ಯಾಡ್ಜಿಂಗರ ಅಂತ ಇನ್ನೊಂದು. ರಸ್ತೆಯ ಎರಡೂ ಕಡೆ ಕಣ್ಣು ಹರಿಯುವಷ್ಟು ದೂರ ಕುರುಚಲು ಕಾಡು. ಮರ ಅನ್ನುವುದು ಅಪರೂಪ. ಎಲ್ಲ ಮೊಣಕಾಲು, ಎದೆ ಎತ್ತರದ ಗಿಡಗಳೇ. ಆ ನೆಲದ ಮೂಲ ಜನ ನೂಂಗಾರರ ಮಾತಿನಲ್ಲಿ ಈ ಕುರುಚಲು ಸೀಮೆಗೆ 'ಕ್ವಾಂಗನ್' ಅಂತ ಹೆಸರು. ವಿಜ್ಞಾನಿಗಳೂ ಅದೇ ಹೆಸರನ್ನು ಇಟ್ಟುಕೊಂಡಿದ್ದಾರೆ.

ದೂರದಿಂದ ನೋಡಿದರೆ ನಮ್ಮ ಪಾವಗಡ, ಚಳ್ಳಕೆರೆ ಕಡೆಯ ಬೋಳುಗುಡ್ಡದ ನೆನಪಾಗುತ್ತೆ. ಇಳಿದು ನೋಡಿದರೆ ಬೇರೆ. ಒಂದು ಮಾರು ಜಾಗದಲ್ಲಿ ಹತ್ತಾರು ಜಾತಿ ಗಿಡ, ಒಂದರ ಎಲೆ ಇನ್ನೊಂದಕ್ಕಿಲ್ಲ. ಹತ್ತಿರದ ಲೆಸ್ಯೂರ್ ಅನ್ನುವ ರಾಷ್ಟ್ರೀಯ ಉದ್ಯಾನ ಒಂದರಲ್ಲೇ 900ಕ್ಕೂ ಹೆಚ್ಚು ಜಾತಿ ಗಿಡಗಳನ್ನು ಲೆಕ್ಕ ಹಾಕಿದ್ದಾರೆ. ಮಣ್ಣು ಫಲವತ್ತಾಗಿದ್ದರೆ ಮಾತ್ರ ಗಿಡದ ಬಗೆ ಹೆಚ್ಚು ಅಂತ ನಾನು ತಿಳಿದಿದ್ದೆ. ಅಲ್ಲಿ ತಿರುಗಾಮುರುಗಾ. ಮಣ್ಣು ಬಡವಾದ ಕಡೆ ಒಂದೇ ಗಿಡ ಮೆರೆದು ಉಳಿದದ್ದನ್ನು ತುಳಿಯಲಿಕ್ಕೆ ಆಗೋದಿಲ್ಲ. ಎಲ್ಲಕ್ಕೂ ಇಷ್ಟಿಷ್ಟು ಜಾಗ.

ಆ ಸೀಮೆಯ ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ನಮ್ಮದಕ್ಕೆ ಹತ್ತಿರ. ಆದರೆ ಅವರಿಗೆ ಮಳೆ ಬರುವುದು ಚಳಿಗಾಲದಲ್ಲಿ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಅಲ್ಲಿ ಅದೇ ಚಳಿಗಾಲ. ಆಮೇಲೆ ಐದಾರು ತಿಂಗಳು ಉರಿಬಿಸಿಲು, ಹನಿ ಬೀಳೋದಿಲ್ಲ.

ಮಣ್ಣು ಯಾಕೆ ಅಷ್ಟು ಬಡವಾಯಿತು? ಬಹಳ ಹಳೆಯ ನೆಲ, ಅದಕ್ಕೆ. ಆ ಸೀಮೆಯ ಒಳನಾಡಿನ ಬಂಡೆ ನಮ್ಮ ಕೋಲಾರ, ಹಟ್ಟಿ ಕಡೆಯ ಬಂಡೆಯಷ್ಟೇ ಪುರಾತನ. ಇಲ್ಲಿ ಚಿನ್ನ ಸಿಕ್ಕ ಹಾಗೆ ಅಲ್ಲಿ ಕಾಲ್ಗೂರ್ಲಿಯಲ್ಲಿ ಸಿಕ್ಕಿತು. ಒಂದು ಕಾಲಕ್ಕೆ ಭಾರತ, ಆಸ್ಟ್ರೇಲಿಯ ಒಂದೇ ಭೂಖಂಡದಲ್ಲಿ ಅಂಟಿಕೊಂಡಿದ್ದವು. ಸುಮಾರು 13 ಕೋಟಿ ವರ್ಷದ ಹಿಂದೆ ಬೇರೆಯಾದವು. ಅಂದಿನಿಂದ ಅಲ್ಲಿ ದೊಡ್ಡ ಬೆಟ್ಟ ಎದ್ದಿಲ್ಲ, ಜ್ವಾಲಾಮುಖಿ ಹೊಸ ಮಣ್ಣು ಸುರಿದಿಲ್ಲ. ಬಿದ್ದ ಮಳೆ ಸಾರವನ್ನೆಲ್ಲ ತೊಳೆದು ತೊಳೆದು ಮರಳು ಉಳಿದಿದೆ. ಉಳಿದ ಚೂರುಪಾರು ರಂಜಕವನ್ನೂ ಕಬ್ಬಿಣ, ಅಲ್ಯೂಮಿನಿಯಂ ಗಟ್ಟಿಯಾಗಿ ಹಿಡಿದುಕೊಂಡಿವೆ.

ಬ್ಯಾಂಕ್ಸಿಯದಲ್ಲಿ ಸುಮಾರು 170 ಜಾತಿ ಉಂಟು. ಒಂದು ಜಾತಿ ಮಾತ್ರ ಪಕ್ಕದ ನ್ಯೂಗಿನಿಯಲ್ಲೂ ಇದೆ, ಉಳಿದವೆಲ್ಲ ಆಸ್ಟ್ರೇಲಿಯ ಬಿಟ್ಟು ಬೇರೆಲ್ಲೂ ತಾವಾಗಿ ಬೆಳೆಯೋದಿಲ್ಲ. ಅದರಲ್ಲೂ ಹೆಚ್ಚಿನವು ಈ ನೈಋತ್ಯ ಮೂಲೆಯಲ್ಲೇ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಬಂದ ಜೋಸೆಫ್ ಬ್ಯಾಂಕ್ಸ್ ಪೂರ್ವ ತೀರದಲ್ಲಿ ಗಿಡ ಕಿತ್ತು ಒಯ್ದ, ಅವನ ಹೆಸರೇ ನಿಂತಿತು. ನಾನು ಕೊಂದದ್ದು, ಎನಿಯಾಬದಲ್ಲಿ ನೋಡಿದ್ದು ಹುಕರ್ ಬ್ಯಾಂಕ್ಸಿಯ ಅನ್ನುವ ಜಾತಿ. ಎನಿಯಾಬ ಸುತ್ತಿನ ಮರಳು ದಿಬ್ಬಗಳೇ ಅದರ ತವರು.

ಬೇರಿನ ಕೆಲಸ

ಈ ಗಿಡದ ಬೇರು ಎರಡು ಕೆಲಸ ಹಂಚಿಕೊಂಡಿದೆ. ತಾಯಿಬೇರು ಮರಳಿನಲ್ಲಿ ಆಳಕ್ಕೆ ಇಳಿದು ಬೇಸಿಗೆಯಲ್ಲಿ ನೀರು ತರುತ್ತೆ. ಮೇಲಿನ ಬೇರು ಮಳೆಗಾಲದಲ್ಲಿ ಆಹಾರ ತರುತ್ತೆ. ಮಳೆ ಬಿದ್ದು ಮೇಲ್ಮಣ್ಣು ನೆನೆದ ಕೂಡಲೆ ಈ ಮೇಲಿನ ಬೇರುಗಳಲ್ಲಿ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒತ್ತೊತ್ತಾಗಿ ಸಣ್ಣ ಬೇರಿನ ಕುಚ್ಚುಗಳು ಹುಟ್ಟುತ್ತವೆ. ಒಣ ಎಲೆ ಸರಿಸಿದರೆ ಚಾಪೆಯ ಹಾಗೆ ಕಾಣುತ್ತೆ.

ಈ ಕುಚ್ಚಿನ ಆಯಸ್ಸು ಕೆಲವೇ ವಾರ. ಅಷ್ಟರಲ್ಲಿ ಅದು ಒಂದು ಕೆಲಸ ಮಾಡಿ ಮುಗಿಸುತ್ತೆ. ನಿಂಬೆಹಣ್ಣಿನಲ್ಲಿರುವ ಹುಳಿಯಂಥ ಆಮ್ಲವನ್ನು ಮಣ್ಣಿಗೆ ಬಿಡುತ್ತೆ. ಆ ಹುಳಿ ಕಬ್ಬಿಣದ ಹಿಡಿತ ಬಿಡಿಸುತ್ತೆ, ಬಿಡುಗಡೆಯಾದ ರಂಜಕವನ್ನು ಬೇರು ಹೀರುತ್ತೆ. ತುಕ್ಕು ಹಿಡಿದ ಪಾತ್ರೆಯನ್ನು ಹುಣಸೆಹುಳಿ ಹಾಕಿ ಉಜ್ಜುತ್ತೇವಲ್ಲ, ಹಾಗೇ.

ಇಷ್ಟು ಕಷ್ಟಪಟ್ಟು ತಂದದ್ದನ್ನು ಗಿಡ ಪೋಲು ಮಾಡೋದಿಲ್ಲ. ಗಡುಸು ಎಲೆ ವರ್ಷಗಟ್ಟಲೆ ಇರುತ್ತೆ. ಉದುರುವ ಮೊದಲು ಎಲೆಯಲ್ಲಿದ್ದ ರಂಜಕವನ್ನು ವಾಪಸು ಎಳೆದುಕೊಂಡು ಬರೀ ಸಿಪ್ಪೆ ಕೆಳಗೆ ಬಿಡುತ್ತೆ. ಕೂಡಿಟ್ಟದ್ದರಲ್ಲಿ ದೊಡ್ಡ ಪಾಲು ಬೀಜಕ್ಕೆ. ಬಡವರ ಮನೆಯಲ್ಲಿ ಮಗಳ ಮದುವೆಗೆ ಕೂಡಿಟ್ಟ ಹಾಗೆ. ಮರಳಿನಲ್ಲಿ ಹುಟ್ಟುವ ಸಸಿ ಮೊದಲ ವರ್ಷ ಆ ಬುತ್ತಿಯಲ್ಲೇ ಬದುಕಬೇಕು.

ಕಾಲದಿಂದ ಹೀಗೆ ಬಾಳಿದ ಗಿಡಕ್ಕೆ ನಾನು ಒಂದೇ ದಿನ ಎರಡು ಹಿಡಿ ಸುರಿದಿದ್ದೆ. ನನ್ನ ಕನಿಕರವೇ ಅದನ್ನು ಕೊಂದಿತು.

ಹೂವು, ಬೆಂಕಿ, ಬೀಜ

ಹೂವು ನೋಡಿದರೆ ಬಡತನ ಗೊತ್ತಾಗೋದಿಲ್ಲ. ಸಜ್ಜೆ ತೆನೆ ದಪ್ಪವಾಗಿ ನಿಂತ ಹಾಗೆ, ಒಂದೊಂದು ತೆನೆಯಲ್ಲಿ ನೂರಾರು ಸಣ್ಣ ಹೂವು. ಮೊಗ್ಗು ಬಿಳಿ ಉಣ್ಣೆಯ ಹಾಗೆ, ಅರಳಿದ್ದು ಕಿತ್ತಳೆ ಬಣ್ಣ. ಕೆಳಗಿಂದ ಮೇಲಕ್ಕೆ ಅರಳುವುದರಿಂದ ತೆನೆ ಅರ್ಧ ಕಿತ್ತಳೆ, ಅರ್ಧ ಬಿಳಿ. ಜೇನು ಸುರಿಯುತ್ತೆ. ಜೇನು ಕುಡಿಯುವ ಹಕ್ಕಿಗಳು ಬರುತ್ತವೆ. ರಾತ್ರಿ ಹೊತ್ತು ಬರುವುದು ಇಲಿಮರಿಯಷ್ಟು ಸಣ್ಣ ಒಂದು ಪ್ರಾಣಿ, ತೂಕ ಹತ್ತು ಗ್ರಾಮಿನ ಆಸುಪಾಸು. ನಾಲಿಗೆ ಕುಂಚದ ಹಾಗಿರುತ್ತೆ. ಮಕರಂದ, ಪರಾಗ ಎರಡೇ ಅದರ ಊಟ. ಈ ಸೀಮೆ ಬಿಟ್ಟರೆ ಅದು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನೂಂಗಾರರು ಬ್ಯಾಂಕ್ಸಿಯ ಹೂವನ್ನು ನೀರಲ್ಲಿ ನೆನೆಸಿ ಪಾನಕದ ಹಾಗೆ ಕುಡಿಯುತ್ತಿದ್ದರಂತೆ.

ನೂರಾರು ಹೂವಿನಲ್ಲಿ ಕಾಯಾಗುವುದು ಕೆಲವೇ. ಕಾಯಿ ಮರದ ಹಾಗೆ ಗಟ್ಟಿ, ಬಾಯಿಗೆ ಅಂಟು ಮೆತ್ತಿಕೊಂಡಿರುತ್ತೆ. ವರ್ಷಗಟ್ಟಲೆ ಗಿಡದ ಮೇಲೇ ಇರುತ್ತೆ, ಬಾಯಿ ಬಿಡೋದಿಲ್ಲ. ಬಾಯಿ ಬಿಡಿಸುವುದು ಬೆಂಕಿ. ಬೇಸಿಗೆಯ ಕಾಡ್ಗಿಚ್ಚು ಬಂದಾಗ ತಾಯಿಗಿಡ ಸುಟ್ಟು ಸಾಯುತ್ತೆ. ಅಂಟು ಕರಗಿ ಕಾಯಿ ಬಿರಿಯುತ್ತೆ, ರೆಕ್ಕೆಯ ಬೀಜ ಬೂದಿಯ ಮೇಲೆ ಬೀಳುತ್ತೆ, ಮುಂದಿನ ಮಳೆಗೆ ಮೊಳೆಯುತ್ತೆ.

ಇಲ್ಲಿ ಒಂದು ಲೆಕ್ಕ ಇದೆ. ಸಸಿ ಬೆಳೆದು, ಹೂ ಬಿಟ್ಟು, ಸಾಕಷ್ಟು ಬೀಜ ಕೂಡಿಡುವುದಕ್ಕೆ ವರ್ಷಗಳು ಬೇಕು. ಅಷ್ಟರೊಳಗೆ ಎರಡನೇ ಬೆಂಕಿ ಬಿದ್ದರೆ ಆ ಜಾಗದಲ್ಲಿ ಗಿಡದ ವಂಶವೇ ನಿಂತುಹೋಗುತ್ತೆ. ಈ ಹೂವಿಗೆ ಪೇಟೆಯೂ ಉಂಟು, ಒಣಗಿಸಿದರೂ ಅಂದ ಕೆಡೋದಿಲ್ಲ. ಕಾಡಿನಲ್ಲಿ ಹೂ ಕೊಯ್ಯಲು ಲೈಸೆನ್ಸು ಬೇಕು. ಕೊಯ್ದಷ್ಟೂ ಬೀಜದ ಗಂಟು ಕರಗುತ್ತೆ, ಆಮೇಲೆ ಬೆಂಕಿ ಬಿದ್ದರೆ ಮೊಳೆಯಲು ಬೀಜವಿರೋದಿಲ್ಲ ಅಂತ ವಿಜ್ಞಾನಿಗಳು ಎಚ್ಚರಿಸಿದರು. ಈಗ ಕೆಲವು ರೈತರು ಸಾಲಿನಲ್ಲಿ ನೆಟ್ಟು ಹೂ ಬೆಳೆಯುತ್ತಾರೆ.

ಗಿಡ ಕಡಿದ ಮೇಲೆ ಎದ್ದ ಚೌಳು

ವಾಪಸು ಬರುವಾಗ ಅಳಿಯ ಒಳನಾಡಿನ ದಾರಿ ಹಿಡಿದ. ಕಾರ್ನಾಮಾ, ಮೂರಾ ಅನ್ನುವ ಊರುಗಳ ಕಡೆಯಿಂದ ಬಂದೆವು. ಅದು ಗೋಧಿ ಸೀಮೆ. ಒಂದೊಂದು ಹೊಲ ನಮ್ಮ ಒಂದೊಂದು ಊರಿನಷ್ಟು. ಗೋಧಿ ತೆನೆ ಕಟ್ಟಿತ್ತು. ಆದರೆ ತಗ್ಗು ಇದ್ದ ಕಡೆಯೆಲ್ಲ ಬೆಳೆ ಇಲ್ಲ, ಬೆಳ್ಳಗೆ ಉಪ್ಪು. ಅದರ ನಡುವೆ ಒಣಗಿ ನಿಂತ ಮರಗಳ ಅಸ್ಥಿಪಂಜರ. ಅಲ್ಲಿ ಹಿಂದಿನಿಂದಲೂ ಉಪ್ಪಿನ ಕೆರೆಗಳಿವೆ, ಅದು ಬೇರೆ. ಹೊಲದೊಳಗೆ ಎದ್ದ ಈ ಚೌಳು ಮನುಷ್ಯ ಮಾಡಿಕೊಂಡದ್ದು.

ನಡೆದದ್ದು ಹೀಗೆ. ಸಾವಿರಾರು ವರ್ಷದಿಂದ ಸಮುದ್ರದ ಗಾಳಿ, ಮಳೆ ಜೊತೆ ಚಿಟಿಕೆ ಚಿಟಿಕೆ ಉಪ್ಪು ಬಂದು ನೆಲದಾಳದಲ್ಲಿ ಸೇರಿತ್ತು. ಮೇಲೆ ಬ್ಯಾಂಕ್ಸಿಯ, ಜಾಲಿಯ ಕುಲದ ಗಿಡಗಳು, ಕುಳ್ಳ ನೀಲಗಿರಿ, ಇಂಥ ಕುರುಚಲು. ಇವುಗಳ ಬೇರು ವರ್ಷಪೂರ್ತಿ ನೀರು ಎಳೆಯುತ್ತಿದ್ದವು. ಬಿದ್ದ ಮಳೆ ಆಳಕ್ಕೆ ಇಳಿಯುವ ಮೊದಲೇ ಖರ್ಚು. ಉಪ್ಪು ತನ್ನ ಪಾಡಿಗೆ ಕೆಳಗೆ ಮಲಗಿತ್ತು. ರೈತರು ಬಂದರು, ಕುರುಚಲು ಕಡಿದು ಗೋಧಿ ಬಿತ್ತಿದರು. ಗೋಧಿಯ ಬೇರು ಮೇಲೇ ಇರುತ್ತೆ, ಅದೂ ಆರು ತಿಂಗಳು. ಮಿಕ್ಕ ನೀರು ವರ್ಷವರ್ಷವೂ ಕೆಳಕ್ಕೆ ಇಳಿದು ಅಂತರ್ಜಲ ಮೇಲೇರಿತು, ಉಪ್ಪನ್ನು ಕರಗಿಸಿ ಜೊತೆಗೆ ತಂದಿತು.

ನಮ್ಮಲ್ಲಿ ಅಂತರ್ಜಲ ಕೆಳಗಿಳಿಯಿತು ಅಂತ ಅಳುತ್ತೇವೆ. ಅವರು ಮೇಲೆ ಬಂತು ಅಂತ ಅಳುತ್ತಾರೆ.

ಇದು ಗೊತ್ತಿಲ್ಲದೆ ಆದದ್ದೂ ಅಲ್ಲ. 1924ರಲ್ಲೇ ಡಬ್ಲ್ಯು. ಇ. ವುಡ್ ಅನ್ನುವ ರೈಲ್ವೆ ಎಂಜಿನಿಯರು ಇದನ್ನು ಬರೆದಿಟ್ಟಿದ್ದರು. ಉಗಿಬಂಡಿಗೆ ಸಿಹಿನೀರು ಬೇಕು. ಗಿಡಮರ ಕಡಿದ ಕಡೆಯ ನೀರು ಕೆಲವೇ ವರ್ಷದಲ್ಲಿ ಉಪ್ಪಾಗಿ ಬಾಯ್ಲರ್ ಕೆಡುತ್ತಿದ್ದದ್ದನ್ನು ಅವರು ಕಂಡಿದ್ದರು. ಸ್ವಂತ ಗಿಡಗಳು ಹೋದರೆ ಉಪ್ಪು ಬರುತ್ತೆ ಅಂತ ಹೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೂಪರ್ ಫಾಸ್ಫೇಟು, ಜೊತೆಗೆ ಚಿಟಿಕೆ ಸತು, ತಾಮ್ರ ಹಾಕಿದರೆ ಮರಳಿನಲ್ಲೂ ಬೆಳೆ ಬರುತ್ತೆ ಅಂತ ಗೊತ್ತಾದ ಮೇಲಂತೂ ಕಡಿಯುವುದು ಜೋರಾಯಿತು. 1960ರ ದಶಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ಜಮೀನು ಅನ್ನುವುದೇ ಅಲ್ಲಿನ ಸರ್ಕಾರದ ಘೋಷಣೆ. ಜಮೀನು ಪಡೆದವರು ಇಂತಿಷ್ಟು ಕಡಿಯಲೇಬೇಕು ಅಂತ ಷರತ್ತೂ ಇತ್ತು.

ಈಗ ಆ ಸೀಮೆಯಲ್ಲಿ ಚೌಳಾದ ನೆಲ ಹತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು. ಅಂದರೆ 25 ಲಕ್ಷ ಎಕರೆ. ಕಡಿದವರ ಮೊಮ್ಮಕ್ಕಳು ಈಗ ಬದುವಿನ ಉದ್ದಕ್ಕೂ ಆಳಬೇರಿನ ಗಿಡ ನೆಡುತ್ತಿದ್ದಾರೆ, ಚೌಳು ತಡೆಯುವ ಸೊಪ್ಪಿನ ಗಿಡ ಹಾಕಿ ಕುರಿ ಮೇಯಿಸುತ್ತಿದ್ದಾರೆ. ಒಮ್ಮೆ ಎದ್ದ ಚೌಳು ಸುಲಭಕ್ಕೆ ಇಳಿಯೋದಿಲ್ಲ.

ಅವರನ್ನು ದಡ್ಡರು ಅನ್ನಲು ನನಗೆ ಬಾಯಿ ಬರೋದಿಲ್ಲ. ಬರಡು ನೆಲ, ಕೆಲಸಕ್ಕೆ ಬಾರದ ಗಿಡ ಅಂತ ನಾನೂ ಅಂದವನೇ. ಗಿಡ ಮಾಡುತ್ತಿದ್ದ ಕೆಲಸ ನೆಲದ ಕೆಳಗಿತ್ತು. ಕಣ್ಣಿಗೆ ಕಾಣಲಿಲ್ಲ.

ಬೂಟಿನಲ್ಲಿ ಬರುವ ರೋಗ

ಅಲ್ಲಿನ ಕಾಡಿನ ಕೆಲವು ದಾರಿಗಳಲ್ಲಿ ಬೂಟು ಉಜ್ಜಲು ಬ್ರಷ್ ಇಟ್ಟಿರುತ್ತಾರೆ. ಮಣ್ಣು ಒರೆಸಿಕೊಂಡೇ ಒಳಗೆ ಹೋಗಬೇಕು. ಹೊರಗಿನಿಂದ ಬಂದು ಸೇರಿಕೊಂಡ ಫೈಟಾಫ್ತೊರ ಅನ್ನುವ ಬೂಷ್ಟಿನಂಥ ರೋಗಾಣು ಬ್ಯಾಂಕ್ಸಿಯದ ಬೇರು ಕೊಳೆಸಿ ಕಾಡಿಗೆ ಕಾಡೇ ಒಣಗಿಸುತ್ತೆ. ಹೆಸರು ಕೇಳಿದ ಹಾಗಿದೆಯೇ? ನಮ್ಮ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ತರುವುದೂ ಇದೇ ಕುಲದ್ದು. ಹಿಡಿ ಹಸಿಮಣ್ಣು ಸಾಕು, ಹೊಸ ಜಾಗಕ್ಕೆ ದಾಟಲು. ರೋಗ ಬಿದ್ದ ತೋಟದಿಂದ ಗುದ್ದಲಿ, ಟ್ರ್ಯಾಕ್ಟರು ಹಾಗೇ ತರುವವರು ಇದನ್ನು ನೆನಪಿಡಬೇಕು.

ನಮ್ಮ ಹೊಲದಲ್ಲಿ

ಇದನ್ನು ಓದಿ ಯಾರೂ ಬ್ಯಾಂಕ್ಸಿಯ ಬೀಜ ತರಿಸಲು ಹೋಗಬೇಡಿ. ಆಸ್ಟ್ರೇಲಿಯದಿಂದ ನೀಲಗಿರಿ ತಂದು ಕೋಲಾರದ ಕಡೆ ಹೊಲಹೊಲಕ್ಕೆ ನೆಟ್ಟದ್ದು, ಅದರ ಮೇಲೆ ಜಗಳವಾದದ್ದು, ಕೊನೆಗೆ 2017ರಲ್ಲಿ ಸರ್ಕಾರ ನೆಡುವುದನ್ನೇ ನಿಷೇಧಿಸಿದ್ದು ನಮಗೆಲ್ಲ ಗೊತ್ತು. ಗಿಡದ ತಪ್ಪಲ್ಲ. ಅಲ್ಲಿ ಉಪ್ಪನ್ನು ಕೆಳಗೆ ಇಟ್ಟ ಆಳಬೇರಿನ ಗುಣವನ್ನೇ ಇಲ್ಲಿ ಬಾವಿ ಬತ್ತಿಸುವ ಗುಣ ಅಂತ ದೂರುತ್ತೇವೆ.

ಆದರೆ ಬ್ಯಾಂಕ್ಸಿಯದ ನೆಂಟ ಒಬ್ಬ ನಮ್ಮಲ್ಲಾಗಲೇ ಇದ್ದಾನೆ, ಸಿಲ್ವರ್ ಓಕ್. ಪೂರ್ವ ಆಸ್ಟ್ರೇಲಿಯದ ಮರ, ಅದೇ ಕುಟುಂಬ. ನನ್ನ ಬದುವಿನಲ್ಲಿ ಹನ್ನೊಂದು ಮರ ಇವೆ. ವಾಪಸು ಬಂದ ಮೇಲೆ ಮಳೆ ಬಿದ್ದು ಹದವಾದಾಗ ಒಂದರ ಬುಡದಲ್ಲಿ ಎಲೆ ಸರಿಸಿ ಮೆಲ್ಲಗೆ ಕೆದಕಿದೆ. ಅದೇ ಬ್ರಷ್ಷಿನಂಥ ಕುಚ್ಚು! ಇಪ್ಪತ್ತು ವರ್ಷ ಆ ಮರದ ನೆರಳಲ್ಲಿ ಬುತ್ತಿ ಬಿಚ್ಚಿದ್ದೇನೆ, ಒಂದು ದಿನ ಕೆದಕಿ ನೋಡಿರಲಿಲ್ಲ.

ಇನ್ನೊಂದು ನಮ್ಮ ತೊಗರಿ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಸಂಶೋಧನೆ ಇದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣ ಹಿಡಿದಿಟ್ಟ ರಂಜಕವನ್ನು ತೊಗರಿಯ ಬೇರು ತನ್ನ ಹುಳಿ ಬಿಟ್ಟು ಬಿಡಿಸಿಕೊಳ್ಳುತ್ತೆ ಅಂತ. ಬ್ಯಾಂಕ್ಸಿಯದಷ್ಟು ಜೋರಿಲ್ಲ, ಆದರೂ ಕೆಲಸ ಅದೇ. ನಮ್ಮ ಹಿರಿಯರು ಶೇಂಗಾ, ರಾಗಿಯ ನಡುವೆ ತೊಗರಿ ಅಕ್ಕಡಿ ಸಾಲು ಬಿಡುತ್ತಿದ್ದದ್ದು ಸುಮ್ಮನೆ ಅಲ್ಲ. ಕುಯ್ಲಿಗೆ ತೊಡಕು ಅಂತ ನಾನು ಏಳೆಂಟು ವರ್ಷ ಅಕ್ಕಡಿ ಬಿಟ್ಟಿದ್ದೆ. ಈಗ ಎಂಟು ಸಾಲು ಶೇಂಗಾಕ್ಕೆ ಒಂದು ಸಾಲು ತೊಗರಿ ಹಾಕುತ್ತಿದ್ದೇನೆ. ಎಲೆ ಉದುರಿ ಅಲ್ಲೇ ಕೊಳೆಯಲಿ ಅಂತ ಬಿಡುತ್ತೇನೆ. ಇದರಿಂದ ಗೊಬ್ಬರವೇ ಬೇಡ ಅಂತ ನಾನು ಹೇಳೋದಿಲ್ಲ. ಶೇಂಗಾ ಬ್ಯಾಂಕ್ಸಿಯ ಅಲ್ಲ, ಅದಕ್ಕೆ ಹೊಟ್ಟೆಗೆ ಹಾಕಲೇಬೇಕು. ಆದರೆ ಪಕ್ಕದವನು ಹಾಕಿದ ಅಂತ ಹಾಕುವ ಬದಲು ಮಣ್ಣು ಪರೀಕ್ಷೆ ಮಾಡಿಸಿ, ರಂಜಕ ಎಷ್ಟಿದೆ ನೋಡಿ ಹಾಕಿ.

ಕೊನೆಯದು ನನ್ನ ಮನೆಯ ವಿಷಯ. ಹೊಲದ ಮೇಲ್ಗಡೆ ನನಗೆ ಮೂರು ಎಕರೆ ಇಳಿಜಾರು ಇತ್ತು, ಪೂರ್ತಿ ಬಂದರಿಕೆ ಗಿಡ. ಮಾಳಿಗೆ ಮನೆಯ ಸೂರಿಗೆ ಹಾಸುತ್ತಿದ್ದೆವಲ್ಲ, ಅದೇ. ಆಸ್ಟ್ರೇಲಿಯದ ಒಣನಾಡಿನಲ್ಲೂ ಈ ಬಂದರಿಕೆ ತಾನಾಗಿ ಬೆಳೆಯುತ್ತೆ ಅಂತ ಮಗಳು ಓದಿ ಹೇಳಿದಾಗ ಅಚ್ಚರಿಯಾಯಿತು. 2016ರಲ್ಲಿ ಒಂದು ಎಕರೆ ಕೀಳಿಸಿ ಶೇಂಗಾ ಬಿತ್ತಿದ್ದೆ. ಮೊದಲ ವರ್ಷ ಬೆಳೆ ಬಂತು. ಮರುವರ್ಷದ ಒಂದೇ ಜೋರು ಮಳೆಗೆ ಮೇಲ್ಮಣ್ಣು ಕೆಳಗಿನ ಹೊಲದ ಬದು ಒಡೆದು ಹಳ್ಳ ಸೇರಿತು. ಈಗ ಅಲ್ಲಿ ಬರೀ ನೊರಜು ಕಲ್ಲು. ನಮ್ಮಲ್ಲಿ ಚೌಳು ಏಳಲಿಲ್ಲ, ಮಣ್ಣೇ ಎದ್ದು ಹೋಯಿತು.

ಉಳಿದ ಎರಡು ಎಕರೆಗೂ ಜೇಸಿಬಿ ಬಿಡೋಣ, ದಾಳಿಂಬೆ ಹಾಕೋಣ ಅಂತ ಮಗ ಎರಡು ವರ್ಷದಿಂದ ಹೇಳುತ್ತಿದ್ದ. ನಾನೂ ಹೂಂ ಅಂದಿದ್ದೆ. ಊರಿಗೆ ಬಂದವನು ಫೋನಿನಲ್ಲಿದ್ದ ಆ ಉಪ್ಪಿನ ಹೊಲದ ಫೋಟೋ ಅವನಿಗೆ ತೋರಿಸಿದೆ. ಆಮೇಲೆ ನಮ್ಮದೇ ನೊರಜುಕಲ್ಲಿನ ಎಕರೆಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಜೇಸಿಬಿಯವನಿಗೆ ಬೇಡ ಅಂತ ಅವನೇ ಫೋನು ಮಾಡಿದ. ದಾಳಿಂಬೆಯನ್ನು ಕೆಳಗಿನ ಹೊಲದಲ್ಲಿ ಅರ್ಧ ಎಕರೆಗೆ ಹಾಕಿದ್ದೇವೆ. ಕಿತ್ತ ಎಕರೆಗೆ ಅಡ್ಡ ಬದು ಹಾಕಿ ಬಂದರಿಕೆ ಬೀಜ ಎರಚಿದ್ದೇವೆ. ಅಲ್ಲಲ್ಲಿ ಹುಟ್ಟಿವೆ.

ಪರ್ತಿನಲ್ಲಿ ಮಗಳು ಆ ಜಾಗದ ಮಣ್ಣು ತೆಗೆಸಿ, ಬೇರೆ ಮರಳು ತುಂಬಿಸಿ, ಹೊಸ ಬ್ಯಾಂಕ್ಸಿಯ ನೆಟ್ಟಿದ್ದಾಳೆ. ಫೋನು ಮಾಡಿದಾಗಲೆಲ್ಲ ಗಿಡ ಹೇಗಿದೆ ಅಂತ ಕೇಳುತ್ತೇನೆ. "ಏನೂ ಹಾಕಿಲ್ಲ ಅಪ್ಪಾ, ಚೆನ್ನಾಗಿದೆ" ಅನ್ನುತ್ತಾಳೆ.